ಹಾಯಿಯ ನೆರಳಿನಲ್ಲಿ ತೊಟ್ಟಿಲು

ಸಂಸಾರವನ್ನು ಸಾಗರಕ್ಕೂ ಬದುಕನ್ನು ದೋಣಿಗೂ ಹೋಲಿಸುವುದು ನಮ್ಮವರಿಗೆ ಬಲು ಹಿಂದಿನಿಂದ ಬಂದ ರೂಢಿ. ಹರಿಕಥೆಯ ಚಪ್ಪರದಲ್ಲಾಗಲಿ, ಮದುವೆಯ ಮನೆಯ ಹಿತವಚನದಲ್ಲಾಗಲಿ ಈ ಮಾತು ಕೇಳಿಬರದೆ ಇರುವುದು ಅಪರೂಪ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಲ್ಲಿಯೂ ಅದನ್ನು ಕೇಳಿ ತಲೆದೂಗುವವರು ಉಂಟು. ಆದರೆ ಆ ಸೀಮೆಯ ನದಿಯಾದರೂ ಎಂಥದು? ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ವರ್ಷದ ಬಹುಭಾಗ ಮರಳಿನ ಹಾಸಾಗಿಯೇ ಮಲಗಿರುತ್ತಾಳೆ. ಅಲ್ಲಿನ ಮಗುವಿಗೆ ದೋಣಿಯೆಂದರೆ ಮಳೆ ಬಿದ್ದ ದಿನ ಬೀದಿಯ ನೀರಿನಲ್ಲಿ ತೇಲಿಬಿಡುವ ಕಾಗದದ ಮಡಿಕೆಯೇ ಸರಿ.

ಈ ಹಳೆಯ ಹೋಲಿಕೆಯನ್ನು ಅಕ್ಷರಶಃ ಬಾಳಿ ತೋರಿಸಿದ ಸಂಸಾರಗಳು ಜಗತ್ತಿನಲ್ಲಿ ಇವೆ. ಮನೆಯನ್ನು ಮಾರಿ, ಇಲ್ಲವೇ ಬಾಡಿಗೆಗೆ ಕೊಟ್ಟು, ಹೆಂಡತಿ ಮಕ್ಕಳೊಡನೆ ಮೂವತ್ತು ನಲವತ್ತು ಅಡಿ ಉದ್ದದ ಹಾಯಿದೋಣಿಯನ್ನೇರಿ, ವರ್ಷಗಟ್ಟಲೆ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಕುಟುಂಬಗಳು ಅವು. ಅಂಥ ದೋಣಿಯಲ್ಲಿ ತೊಟ್ಟಿಲ ಕೂಸೂ ಇರುತ್ತದೆ, ಆಗ ತಾನೆ ಅಂಬೆಗಾಲಿಡುವ ಮಗುವೂ ಇರುತ್ತದೆ. ಕೇಳಿದವರ ಮೊದಲ ಪ್ರಶ್ನೆ ಒಂದೇ: ಮಗುವನ್ನು ಕಟ್ಟಿಕೊಂಡು ಈ ಸಾಹಸವೇಕೆ?

ತೇಲುವ ಮನೆಯ ಕಟ್ಟಳೆ

ದೋಣಿಯ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಶಿಸ್ತು ನೀರಿನದು. ಸುತ್ತ ಕಣ್ಣು ಹಾಯುವಷ್ಟು ದೂರವೂ ನೀರೇ, ಆದರೆ ಕುಡಿಯಲು ಹನಿಯಿಲ್ಲ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಆದುದರಿಂದ ಕಡಲ ನೀರು ಕುಡಿದವನ ಬಾಯಾರಿಕೆ ಅಡಗುವುದಿಲ್ಲ, ಉಲ್ಬಣಿಸುತ್ತದೆ. ಮಧ್ಯಮ ಗಾತ್ರದ ದೋಣಿಯ ತೊಟ್ಟಿಯಲ್ಲಿ ಮುನ್ನೂರು ನಾನೂರು ಲೀಟರು ಸಿಹಿನೀರು ಹಿಡಿಸಬಹುದು. ಅಟ್ಲಾಂಟಿಕ್ ಸಾಗರವನ್ನು ಕೆನರಿ ದ್ವೀಪಗಳಿಂದ ಕೆರಿಬಿಯನ್ನಿನವರೆಗೆ ದಾಟಲು ವಾಣಿಜ್ಯ ಮಾರುತದ ನೆರವಿದ್ದರೂ ಮೂರು ವಾರ ಬೇಕು. ಇಂದು ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರಗಳು ಬಂದಿವೆ, ನಿಜ. ಆದರೆ ಯಂತ್ರವು ಕೆಡಬಹುದೆಂದೇ ಎಣಿಸಿ ತೊಟ್ಟಿಯ ಲೆಕ್ಕವನ್ನು ಇಡುವವನು ಜಾಣ ನಾವಿಕ. ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆಯುತ್ತಾರೆ. ಮಳೆ ಬಂದರೆ ಹಾಯಿಬಟ್ಟೆಯನ್ನು ಹರಡಿ ಕೊಡ ತುಂಬುತ್ತಾರೆ.

ಈ ಮಾತು ಮಧುಗಿರಿ, ಪಾವಗಡ, ಶಿರಾ ಸೀಮೆಯ ಗೃಹಿಣಿಯರಿಗೆ ಹೊಸದಲ್ಲ. ಅಕ್ಕಿ ತೊಳೆದ ನೀರು ದನಕ್ಕೆ, ಕೈ ತೊಳೆದ ನೀರು ಗಿಡಕ್ಕೆ ಎಂದು ವಿಂಗಡಿಸುವ ವಿದ್ಯೆ ಅವರಿಗೆ ತಾಯಂದಿರಿಂದಲೇ ಬಂದದ್ದು. ಪಾವಗಡದ ಕಡೆ ಕೊಳವೆಬಾವಿಯಲ್ಲಿ ನೀರು ಸಿಕ್ಕರೂ ಅದರೊಳಗಿನ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಇರುವ ನೀರೆಲ್ಲ ಕುಡಿಯುವ ನೀರಲ್ಲವೆಂಬ ಸತ್ಯವನ್ನು ಕಡಲಿನವರೂ ಬರಗಾಡಿನವರೂ ಒಂದೇ ಪಾಠಶಾಲೆಯಲ್ಲಿ ಕಲಿತಂತಿದೆ.

ಎರಡನೆಯ ಶಿಸ್ತು ಮಗುವಿನದು. ಎದೆಗೂ ಭುಜಕ್ಕೂ ಬಿಗಿಯುವ ಪಟ್ಟಿ, ಅದರಿಂದ ದೋಣಿಯ ಉದ್ದಕ್ಕೂ ಕಟ್ಟಿದ ಹಗ್ಗಕ್ಕೆ ಕೊಕ್ಕೆ, ಅಂಚಿನ ಸುತ್ತ ಬಲೆ, ಮಲಗುವ ಹಲಗೆಯಿಂದ ಉರುಳದಂತೆ ಬಟ್ಟೆಯ ತಡೆ: ಇವು ಇಲ್ಲದೆ ಕಡಲಿನಲ್ಲಿ ಮಗುವನ್ನು ಮೇಲಟ್ಟಕ್ಕೆ ತರುವ ತಾಯಿಯಿಲ್ಲ. ದೋಣಿ ರಾತ್ರಿಯೂ ಚಲಿಸುವುದರಿಂದ ದಂಪತಿಗಳು ಮೂರು ನಾಲ್ಕು ಗಂಟೆಗಳ ಸರದಿಯಲ್ಲಿ ಎಚ್ಚರವಿರುತ್ತಾರೆ. ಅಕ್ಷರಾಭ್ಯಾಸವೂ ದೋಣಿಯಲ್ಲೇ ನಡೆಯುತ್ತದೆ. ಅಮೆರಿಕದ ಬಾಲ್ಟಿಮೋರಿನ ಕ್ಯಾಲ್ವರ್ಟ್ ಶಾಲೆ ಮನೆಯಲ್ಲೇ ಕಲಿಯುವ ಮಕ್ಕಳಿಗಾಗಿ 1906ರಲ್ಲಿಯೇ ಅಂಚೆಯ ಪಾಠಗಳನ್ನು ಆರಂಭಿಸಿತು. ಹಾಯಿದೋಣಿಯ ಎಷ್ಟೋ ಮಕ್ಕಳು ಅದರ ಪಾಠಗಳಿಂದ ಓದು ಬರಹ ಕಲಿತಿದ್ದಾರೆ.

ಒಡೆದ ಹಡಗಿನಿಂದ ಹುಟ್ಟಿದ ದೋಣಿ

ಇಂಥ ಸಂಸಾರಗಳ ಪೈಕಿ ಹಿರಿಯ ಹೆಸರು ಕ್ಯಾಪ್ಟನ್ ಜೋಶುವಾ ಸ್ಲೋಕಮ್‌ನದು. ಮುಂದೆ 1895ರಿಂದ 1898ರ ವರೆಗೆ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ನಾವಿಕನೆಂದು ಲೋಕ ಅವನನ್ನು ಬಲ್ಲದು. ಆದರೆ ಅದಕ್ಕೆ ಮೊದಲು ಅವನು ಹಡಗಿನಲ್ಲಿಯೇ ಸಂಸಾರ ಹೂಡಿದ ಗೃಹಸ್ಥ. ಮೊದಲ ಪತ್ನಿ ವರ್ಜೀನಿಯಾ 1884ರಲ್ಲಿ ಬ್ಯೂನೊಸ್ ಐರಿಸ್‌ನಲ್ಲಿ ಲಂಗರು ಹಾಕಿದ್ದ ಹಡಗಿನಲ್ಲಿಯೇ ತೀರಿಕೊಂಡಳು. ಎರಡನೆಯ ಪತ್ನಿ ಹೆಟ್ಟಿ 1886ರಲ್ಲಿ ಅವನ ಕೈಹಿಡಿದಳು. 1887ರ ಕೊನೆಯಲ್ಲಿ ಬ್ರೆಜಿಲ್ ದೇಶದ ಕರಾವಳಿಯಲ್ಲಿ ಅವನ ಹಡಗು ಮರಳದಿಣ್ಣೆಗೆ ಸಿಕ್ಕಿ ನಾಶವಾಯಿತು. ಕೈಯಲ್ಲಿ ಹಣವಿಲ್ಲ, ಜೊತೆಯಲ್ಲಿ ಹೆಂಡತಿ, ಹದಿಹರೆಯದ ವಿಕ್ಟರ್, ಏಳರ ಬಾಲಕ ಗಾರ್ಫೀಲ್ಡ್.

ಸ್ಲೋಕಮ್ ಎದೆಗುಂದಲಿಲ್ಲ. ಒಡೆದ ಹಡಗಿನ ಅವಶೇಷಗಳನ್ನೂ ಅಲ್ಲಿಯ ಕಾಡಿನ ಮರವನ್ನೂ ಕೂಡಿಸಿ 35 ಅಡಿ ಉದ್ದದ ದೋಣಿಯೊಂದನ್ನು ಕಟ್ಟಿದನು. ಹಾಯಿಗಳನ್ನು ಹೊಲಿದವಳು ಹೆಟ್ಟಿ. 1888ರ ಮೇ 13ರಂದು ದೋಣಿ ನೀರಿಗಿಳಿಯಿತು. ಬ್ರೆಜಿಲ್ ತನ್ನ ಗುಲಾಮರಿಗೆ ಬಿಡುಗಡೆ ಸಾರಿದ್ದು ಅದೇ ದಿನ. ಅದರ ನೆನಪಿಗಾಗಿ ದೋಣಿಗೆ ಪೋರ್ಚುಗೀಸ್ ಭಾಷೆಯಲ್ಲಿ ‘ಲಿಬೆರ್ದಾದೆ’, ಎಂದರೆ ‘ಸ್ವಾತಂತ್ರ್ಯ’, ಎಂಬ ಹೆಸರಾಯಿತು. ನಾಲ್ವರೂ ಅದರಲ್ಲಿ ಐದು ಸಾವಿರ ಮೈಲಿಗೂ ಮಿಗಿಲಾದ ಹಾದಿ ಕ್ರಮಿಸಿ ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ತೀರವನ್ನು ಮುಟ್ಟಿದರು. ಆದರೆ ಹೆಟ್ಟಿ ಆ ಬಳಿಕ ಗಂಡನೊಡನೆ ಕಡಲ ಯಾನಕ್ಕೆ ಹೋಗಲಿಲ್ಲ. ಸಾಹಸದ ಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಈ ಸಂಗತಿಯನ್ನು ಕೂಡ ನಾವು ಮರೆಯಬಾರದು. ಹಾಯಿಯನ್ನು ಎಲ್ಲರೂ ಒಂದೇ ಸಂತೋಷದಿಂದ ಏರಿಸುವುದಿಲ್ಲ.

ಹೊಲ ಮಾರಿದ ಒಕ್ಕಲಿಗ

ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನಲ್ಲಿ ಹೈನುಗಾರಿಕೆ ಮಾಡುತ್ತಿದ್ದ ಡೂಗಲ್ ರಾಬರ್ಟ್‌ಸನ್‌ನ ಕಥೆ ನಮ್ಮ ರೈತರ ಮನಸ್ಸಿಗೆ ಇನ್ನೂ ಹತ್ತಿರವಾದದ್ದು. ಹಿಂದೆ ವ್ಯಾಪಾರಿ ಹಡಗುಗಳಲ್ಲಿ ದುಡಿದಿದ್ದ ಅವನು ಹೊಲಮನೆ ಹಿಡಿದು ನೆಲೆನಿಂತಿದ್ದ. ಭೂಪ್ರದಕ್ಷಿಣೆಯ ಹಾಯಿಪಂದ್ಯದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಪುಟ್ಟ ಮಗನೊಬ್ಬ, ಅಪ್ಪನೂ ನಾವಿಕನೇ ಅಲ್ಲವೇ, ನಾವೇಕೆ ಹೋಗಬಾರದೆಂದು ಕೇಳಿದ. ಮಗುವಿನ ಮಾತು ತಂದೆಯ ಮನಸ್ಸಿನಲ್ಲಿ ಬೇರೂರಿತು. ಒಕ್ಕಲುತನವನ್ನು ಬಿಟ್ಟು, 43 ಅಡಿಯ ‘ಲುಸೆಟ್’ ಎಂಬ ಹಳೆಯ ಹಾಯಿನೌಕೆಯನ್ನು ಕೊಂಡು, 1971ರ ಜನವರಿಯಲ್ಲಿ ಸಂಸಾರ ಹೊರಟಿತು.

ಹಿರಿಯ ಮಗಳು ನಡುದಾರಿಯಲ್ಲಿ ಬಹಾಮಾ ದ್ವೀಪದಲ್ಲಿ ಉಳಿದಳು. 1972ರ ಜೂನ್ 15ರಂದು ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ, ಕೊಲೆಗಾರ ತಿಮಿಂಗಿಲಗಳು ಬಡಿದು ನೌಕೆ ಕೆಲವೇ ನಿಮಿಷಗಳಲ್ಲಿ ಮುಳುಗಿತು. ತಂದೆ, ತಾಯಿ ಲಿನ್, ಹದಿನೆಂಟರ ಡಗ್ಲಾಸ್, ಅವಳಿ ಬಾಲಕರಾದ ನೀಲ್ ಮತ್ತು ಸ್ಯಾಂಡಿ, ಜೊತೆಗೆ ಪನಾಮಾದಲ್ಲಿ ಸೇರಿದ್ದ ಒಬ್ಬ ತರುಣ: ಆರು ಜನ ಗಾಳಿ ತುಂಬಿದ ತೆಪ್ಪಕ್ಕೂ ಒಂದು ಪುಟ್ಟ ದೋಣಿಗೂ ನೆಗೆದರು. ಕೆಲವು ದಿನಗಳಿಗೆ ಸಾಲುವಷ್ಟು ಮಾತ್ರ ನೀರಿತ್ತು. ಎರಡು ವಾರ ದಾಟಿದ ಮೇಲೆ ತೆಪ್ಪವೂ ಕೈಕೊಟ್ಟಿತು. ಆರು ಜೀವಗಳು ಒಂಬತ್ತು ಅಡಿಯ ದೋಣಿಯಲ್ಲಿ ಮಳೆಯ ನೀರು ಹಿಡಿದು, ಆಮೆಗಳನ್ನು ಹಿಡಿದು ಅವುಗಳ ಮಾಂಸವನ್ನೂ ರಕ್ತವನ್ನೂ ಆಹಾರವಾಗಿಸಿಕೊಂಡು ದಿನ ನೂಕಿದವು. ಕುಡಿಯಲಾಗದಷ್ಟು ಹೊಲಸಾದ ನೀರನ್ನು, ದಾದಿಯಾಗಿ ತರಬೇತಿ ಪಡೆದಿದ್ದ ಲಿನ್, ಎನಿಮಾ ಮೂಲಕ ದೇಹಕ್ಕೆ ಸೇರಿಸಿ ಎಲ್ಲರನ್ನೂ ಉಳಿಸಿದಳು. 38ನೆಯ ದಿನ ಜಪಾನಿನ ಮೀನುಗಾರಿಕೆಯ ಹಡಗೊಂದು ಅವರನ್ನು ಕಂಡಿತು. ಆರು ಜನರೂ ಬದುಕಿದ್ದರು.

ಯಾರು ಹೊಣೆ?

ಇಂಥ ಸಂಸಾರಗಳ ವಿಷಯದಲ್ಲಿ ಲೋಕದ ತೀರ್ಪು ಸದಾ ಮೃದುವಾದುದಲ್ಲ. 2014ರ ಏಪ್ರಿಲಿನಲ್ಲಿ ಅಮೆರಿಕದ ದಂಪತಿಗಳು ಮೂರರ ಹಾಗೂ ಒಂದರ ಹೆಣ್ಣುಮಕ್ಕಳೊಡನೆ ‘ರೆಬೆಲ್ ಹಾರ್ಟ್’ ಎಂಬ ದೋಣಿಯಲ್ಲಿ ಪೆಸಿಫಿಕ್ ಸಾಗರವನ್ನು ದಾಟುತ್ತಿದ್ದರು. ಮೆಕ್ಸಿಕೋ ತೀರದಿಂದ ಸುಮಾರು 900 ಮೈಲಿ ದೂರದಲ್ಲಿ ಕೂಸಿಗೆ ಕಾಯಿಲೆ ಬಲವಾಯಿತು, ದೋಣಿಯೂ ಕೆಟ್ಟಿತು. ರಕ್ಷಣಾ ಯೋಧರು ವಿಮಾನದಿಂದ ಕಡಲಿಗೆ ಧುಮುಕಿ ಚಿಕಿತ್ಸೆ ಮಾಡಿದರು. ಯುದ್ಧನೌಕೆಯೊಂದು ಬಂದು ಎಲ್ಲರನ್ನೂ ಕರೆದೊಯ್ದಿತು. ಮಗು ಚೇತರಿಸಿಕೊಂಡಿತು, ಮನೆಯಾಗಿದ್ದ ದೋಣಿಯನ್ನು ಮಾತ್ರ ಮುಳುಗಿಸಬೇಕಾಯಿತು. ತಂದೆತಾಯಿಗಳನ್ನು ಸಾರ್ವಜನಿಕರು ಕಟುವಾಗಿ ನಿಂದಿಸಿದರು.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ತಂದೆತಾಯಿಗಳ ಯಾನದ ನಡುವೆ 1995ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ, ಎಳೆಯ ವರ್ಷಗಳನ್ನು ಕಡಲಿನ ಮೇಲೆ ಕಳೆದವಳು ಲಾರಾ ಡೆಕ್ಕರ್. ಹದಿಮೂರರಲ್ಲಿ ಒಬ್ಬಳೇ ಭೂಪ್ರದಕ್ಷಿಣೆಗೆ ಹೊರಡುವೆನೆಂದಾಗ, ಹಾಲೆಂಡಿನ ನ್ಯಾಯಾಲಯ 2009ರಲ್ಲಿ ಅವಳನ್ನು ಮಕ್ಕಳ ಸಂರಕ್ಷಣಾಧಿಕಾರಿಗಳ ಮೇಲ್ವಿಚಾರಣೆಗೆ ಒಪ್ಪಿಸಿ ತಡೆಯಿತು. ಮರುವರ್ಷ ಆ ತಡೆ ತೆರವಾಯಿತು. 2012ರ ಜನವರಿಯಲ್ಲಿ, ಹದಿನಾರರ ಹರೆಯದಲ್ಲಿ, ಅವಳು ಪ್ರದಕ್ಷಿಣೆ ಮುಗಿಸಿದಳು. ಅಲೆಯ ಮೇಲೆ ಬೆಳೆದ ಮಗು ಅಲೆಗೆ ಅಂಜಲಿಲ್ಲವೆಂದು ಹೊಗಳುವವರಿದ್ದಾರೆ. ನ್ಯಾಯಾಲಯ ಎಚ್ಚರಿಸಿದ್ದೇ ಸರಿಯೆನ್ನುವವರೂ ಇದ್ದಾರೆ. ಎರಡು ಪಕ್ಷಗಳೂ ಒಪ್ಪುವ ಅಂಶ ಒಂದಿದೆ: ಆ ಮಗುವಿನ ಕ್ಷೇಮವನ್ನು ಕುರಿತು ಒಂದು ದೇಶವೇ ಯೋಚಿಸಿತು.

ಹರಿಗೋಲಿನ ಕನ್ನಡ ಸಂಸಾರ

ಹಾಗೆ ಯಾರೂ ಯೋಚಿಸದ ಮಕ್ಕಳೂ ನೀರಿನ ಮೇಲಿದ್ದಾರೆ. ಅವರು ಕನ್ನಡದ ಮಕ್ಕಳು. ಕೇರಳದ ಕೊಚ್ಚಿಯ ಸುತ್ತಿನ ಹಿನ್ನೀರುಗಳಲ್ಲಿ ರಾತ್ರಿ ಹೊತ್ತು ಬುಟ್ಟಿಯಂತೆ ದುಂಡಗಿರುವ ಹರಿಗೋಲುಗಳು ಕಾಣಸಿಗುತ್ತವೆ. ಅವುಗಳಲ್ಲಿರುವವರು ಬಹುಮಟ್ಟಿಗೆ ನಮ್ಮ ಮೈಸೂರು ಜಿಲ್ಲೆಯಿಂದ ಮೀನು ಹಿಡಿಯಲು ಹೋದ ದಂಪತಿಗಳು. ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ. ದಡದಲ್ಲಿ ನೋಡಿಕೊಳ್ಳುವವರಿಲ್ಲದ ಕೂಸನ್ನೂ ಹರಿಗೋಲಿನಲ್ಲೇ ಮಲಗಿಸಿಕೊಳ್ಳುತ್ತಾರೆ. ಬೆಳಗಾದರೆ ರಸ್ತೆಯ ಬದಿಯಲ್ಲಿ ಮೀನಿನ ಮಾರಾಟ. ಹಗಲಿನ ನಿದ್ದೆ ಸೇತುವೆಯ ಕೆಳಗೋ ಗುಡಾರದಲ್ಲೋ.

ಹರಿಗೋಲು ನಮಗೆ ಇಂದಿನದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ದೋಣಿಗಳಲ್ಲಿ ಜನ ನದಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ತೊಗಲಿನ ಬದಲು ಈಗ ಪ್ಲಾಸ್ಟಿಕ್ ಹಾಳೆಯೂ ಫೈಬರ್‌ಗ್ಲಾಸೂ ಬಂದಿವೆ. ಆದರೆ ಅದಕ್ಕೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಅಟ್ಟವಿಲ್ಲ. ಕತ್ತಲಲ್ಲಿ ದೊಡ್ಡ ದೋಣಿಯೊಂದು ಎಬ್ಬಿಸಿದ ಅಲೆ ಸಾಕು ಅದು ಮಗುಚಲು.

ಎರಡು ಸಂಸಾರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೇಖನದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಹಾಯಿದೋಣಿಯ ತಾಯಿಗೂ ಹರಿಗೋಲಿನ ತಾಯಿಗೂ ಮಗುವಿನ ಮೇಲಿನ ಕಣ್ಣು ಒಂದೇ, ಎಚ್ಚರ ಒಂದೇ. ವ್ಯತ್ಯಾಸವಿರುವುದು ಪ್ರೀತಿಯಲ್ಲಿಯೂ ಅಲ್ಲ, ಧೈರ್ಯದಲ್ಲಿಯೂ ಅಲ್ಲ. ಒಬ್ಬಳು ಆರಿಸಿಕೊಂಡು ಹೊರಟವಳು. ಬೇಸರ ಬಂದ ದಿನ ದೋಣಿ ಮಾರಿ ದಡ ಸೇರಬಲ್ಲಳು. ಅವಳಿಗೆ ತೇಲುಕವಚವಿದೆ, ಸಹಾಯ ಕೇಳುವ ರೇಡಿಯೋ ಇದೆ, ಮಗುವಿಗೆ ಅಂಚೆಯಲ್ಲಿ ಬರುವ ಪಾಠವಿದೆ. ಇನ್ನೊಬ್ಬಳು ಹೊಟ್ಟೆಪಾಡಿಗೆ ಹೊರಟವಳು. ದಡಕ್ಕೆ ಮರಳಿದರೆ ಅನ್ನವಿಲ್ಲ. ಮಳೆ ತಪ್ಪಿದ ವರ್ಷ ಮಧುಗಿರಿ, ಪಾವಗಡದ ಕಡೆಯಿಂದ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬೆಂಗಳೂರಿನ ಕಟ್ಟಡಗಳ ಕೂಲಿಗೆ ಹೊರಡುವ ತಾಯಿ ಇವಳ ಒಡಹುಟ್ಟಿದವಳೇ ಸರಿ.

ಮಗುವನ್ನು ಕಾಯುವುದು ದೋಣಿಯಲ್ಲ. ದೋಣಿಯ ಹಿಂದೆ ನಿಂತಿರುವ ಏರ್ಪಾಡು. ಆ ಏರ್ಪಾಡು ಹಣವಂತರ ಸೊತ್ತಾಗಿಯೇ ಉಳಿಯಬೇಕಿಲ್ಲ. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣ ಹಕ್ಕೆಂದು ಭಾರತದ ಸಂಸತ್ತು 2009ರಲ್ಲಿ ಕಾಯಿದೆ ಮಾಡಿದೆ. ವಲಸೆ ಬಂದವರ ಮಕ್ಕಳು ತಮ್ಮ ಮಾತೃಭಾಷೆಯ ನೆರವಿನಿಂದ ಕಲಿಯಲೆಂದು ಎರ್ನಾಕುಳಂ ಜಿಲ್ಲಾಡಳಿತ 2017ರಲ್ಲಿ ‘ರೋಶ್ನಿ’ ಎಂಬ ಯೋಜನೆಯನ್ನು ತೊಡಗಿಸಿತು. ಹರಿಗೋಲಿಗೊಂದು ದೀಪ, ಮಗುವಿನ ಎದೆಗೊಂದು ತೇಲುಕವಚ, ದಡದಲ್ಲಿ ರಾತ್ರಿ ಮಕ್ಕಳನ್ನು ಮಲಗಿಸಿಕೊಳ್ಳುವ ಒಂದು ಮನೆ, ಹಗಲು ಅಕ್ಷರ ಹೇಳುವ ಒಬ್ಬ ಉಪಾಧ್ಯಾಯಿನಿ: ಇಷ್ಟನ್ನು ಒದಗಿಸಲು ಕಡಲನ್ನೇನೂ ದಾಟಬೇಕಾಗಿಲ್ಲ.