ಬೇಳೆ ಏಕೆ ಬೇಯಲಿಲ್ಲ?

ಚಿಂತಾಮಣಿಗೆ ಸಮೀಪದಲ್ಲಿರುವ ಅಂಬಾಜಿದುರ್ಗಕ್ಕೆ ನಾವು ಒಮ್ಮೆ ವಿದ್ಯಾರ್ಥಿಗಳೊಡನೆ ವನಭೋಜನಕ್ಕೆಂದು ಹೋಗಿದ್ದೆವು. ತಪ್ಪಲಿನ ಕೊಳವೆ ಬಾವಿಯೊಂದರಿಂದ ನೀರನ್ನು ಹೊತ್ತು ಮೇಲೇರಿ, ಮೂರು ಕಲ್ಲು ಹೂಡಿ, ತೊಗರಿಬೇಳೆಯನ್ನು ಬೇಯಲಿಟ್ಟೆವು. ವಿದ್ಯಾರ್ಥಿನಿಲಯದ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೆ ಬೇಯುವ ಬೇಳೆ ಅಂದು ಒಂದೂವರೆ ಗಂಟೆ ಕುದಿದರೂ ಗಟ್ಟಿಯಾಗಿಯೇ ಇತ್ತು.

ಕಾರಣವೇನೆಂದು ವಿದ್ಯಾರ್ಥಿಗಳು ಕೇಳಿದರು. ನಾವು ತಡಮಾಡದೆ ಹೇಳಿದೆವು: ಎತ್ತರಕ್ಕೆ ಹೋದಂತೆ ವಾಯುಭಾರ ಕುಗ್ಗುತ್ತದೆ; ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ; ಆದುದರಿಂದ ಬೇಳೆ ನಿಧಾನವಾಗಿ ಬೇಯುತ್ತದೆ. ಎಲ್ಲರೂ ತಲೆದೂಗಿದರು. ಒಬ್ಬ ವಿದ್ಯಾರ್ಥಿನಿ ಮಾತ್ರ, “ಎಷ್ಟು ಕಡಿಮೆ, ಸಾರ್? ಅಷ್ಟಕ್ಕೇ ಇಷ್ಟು ತಡವಾಗುತ್ತದೆಯೆ?” ಎಂದಳು. ನಾವು ನಿರುತ್ತರರಾದೆವು.

ನಾವು ಉತ್ತರವೆಂದು ಭಾವಿಸಿದ್ದುದು ಕೇವಲ ಒಂದು ಊಹೆಯಾಗಿತ್ತು. ವಿಜ್ಞಾನದಲ್ಲಿ ಊಹೆಗೆ ಸ್ಥಾನವುಂಟು. ಆದರೆ ಅದನ್ನು ಪರೀಕ್ಷೆಗೆ ಒಡ್ಡಬೇಕು. 1648ರಲ್ಲಿ ಫ್ರಾನ್ಸಿನ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆ, ವಾಯುಭಾರಮಾಪಕವನ್ನು ಪ್ಯೂಯ್ ದ ಡೋಮ್ ಬೆಟ್ಟದ ಮೇಲಕ್ಕೆ ಒಯ್ದನು. ಇನ್ನೊಂದನ್ನು ಕೆಳಗೆಯೇ ಇರಿಸಿ, ದಿನವಿಡೀ ಅದನ್ನು ನೋಡುತ್ತಿರಲು ಒಬ್ಬರನ್ನು ನೇಮಿಸಿದನು. ಮೇಲೆ ಪಾದರಸ ಇಳಿಯಿತು, ಕೆಳಗೆ ಇಳಿಯಲಿಲ್ಲ. ಕೆಳಗಿನ ಆ ಉಪಕರಣವಿಲ್ಲದಿದ್ದರೆ, ಬದಲಾವಣೆ ಎತ್ತರದಿಂದಲೋ ಅಂದಿನ ಹವೆಯಿಂದಲೋ ಎಂಬ ಸಂದೇಹ ಉಳಿಯುತ್ತಿತ್ತು.

ನಾವೂ ಊಹೆಗಳನ್ನು ಪಟ್ಟಿಮಾಡಿದೆವು: ಎತ್ತರ, ಗಾಳಿ, ನೀರು. ಗಾಳಿ ಒಲೆಯ ಶಾಖವನ್ನು ಸೆಳೆದುಕೊಂಡಿರಬಹುದೆ? ಆದರೆ ಪಾತ್ರೆಯ ನೀರು ಬಿಡದೆ ಕುದಿಯುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಕುದಿಯುವ ನೀರಿನ ಉಷ್ಣತೆ ಉರಿ ಹೆಚ್ಚಾದರೂ ಕಡಿಮೆಯಾದರೂ ಬದಲಾಗದು. ಆದುದರಿಂದ ಈ ಊಹೆ ಬಿದ್ದುಹೋಯಿತು.

ಇನ್ನು ಎತ್ತರ. ದುರ್ಗದ ಶಿಖರ ಸಮುದ್ರಮಟ್ಟದಿಂದ 4,399 ಅಡಿ, ಅಂದರೆ ಸುಮಾರು 1,340 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮತ್ತೊಂದು ದಿನ ಉಷ್ಣಮಾಪಕವನ್ನು ಕೊಂಡೊಯ್ದು ಅಳೆದೆವು: ಚಿಂತಾಮಣಿಯಲ್ಲಿ ಸುಮಾರು 97 ಡಿಗ್ರಿ, ಮೇಲೆ 95½. ಒಂದೇ ಬೇಳೆ, ಒಂದೇ ಬಗೆಯ ನೀರು, ಒಂದೇ ಬಗೆಯ ಪಾತ್ರೆಯಲ್ಲಿ ಬೇಯಿಸಿದಾಗ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು; ಎರಡರಷ್ಟಲ್ಲ. ನಮ್ಮ ಉತ್ತರ ಸುಳ್ಳಲ್ಲ, ಆದರೆ ಸಾಲದು.

ಕೊನೆಗೆ ಉಳಿದುದು ನೀರು. ಪ್ರಯೋಗಶಾಲೆಯಲ್ಲಿ ಎರಡು ಪಾತ್ರೆಗಳನ್ನಿಟ್ಟು, ಒಂದಕ್ಕೆ ಆ ಕೊಳವೆ ಬಾವಿಯ ನೀರನ್ನೂ ಇನ್ನೊಂದಕ್ಕೆ ಮಳೆಯ ನೀರನ್ನೂ ಹಾಕಿದೆವು. ಮಳೆನೀರಿನ ಬೇಳೆ ಕರಗಿದಾಗ ಬಾವಿನೀರಿನದು ಇನ್ನೂ ಕಾಳಾಗಿಯೇ ಇತ್ತು. ಆ ನೀರಿನಲ್ಲಿ ಸಾಬೂನು ಕೂಡ ನೊರೆಗಟ್ಟಲಿಲ್ಲ. ಅದು ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಬೇಳೆಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ನಿನೊಡನೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಆದುದರಿಂದಲೇ ಬೇಳೆ ಮೆದುವಾಗುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಬೋಧಿಸಿದರು. ಅಧ್ಯಾಪಕರ ಮಾತೂ ಇದಕ್ಕೆ ಹೊರತಲ್ಲ. ಪುಸ್ತಕದ ನಿಯಮ ನಿಜವಾಗಿದ್ದರೂ, ಕಣ್ಣೆದುರಿನ ಸಂಗತಿಗೆ ಅದೇ ಕಾರಣವೆಂಬುದು ಅಳೆದ ಮೇಲೆಯೇ ತಿಳಿಯಬೇಕು. ಅಂದು ಆ ವಿದ್ಯಾರ್ಥಿನಿ “ಎಷ್ಟು?” ಎಂದು ಕೇಳದಿದ್ದರೆ, ನಾವು ಇಂದಿಗೂ ಅಂಬಾಜಿದುರ್ಗದ ಎತ್ತರವನ್ನೇ ದೂರುತ್ತಿದ್ದೆವು.