ಟಗ್ ದೋಣಿಯ ಖರ್ಚು ಯಾರ ಲೆಕ್ಕಕ್ಕೆ?

ನವಮಂಗಳೂರು ಬಂದರಿಗೆ ಬರುವ ಬೃಹತ್ ಹಡಗುಗಳ ಪಕ್ಕದಲ್ಲಿ ಟಗ್ ದೋಣಿಗಳು ಅತಿ ಚಿಕ್ಕದಾಗಿ ಕಾಣುತ್ತವೆ. ಆದರೆ ವೇಗ ತಗ್ಗಿದೊಡನೆ ಚುಕ್ಕಾಣಿಯ ಹಿಡಿತವೂ ಸಡಿಲಗೊಳ್ಳುವುದರಿಂದ, ದೊಡ್ಡ ಹಡಗನ್ನು ದಕ್ಕೆಗೆ ತಂದು ನಿಲ್ಲಿಸಲು ಇವುಗಳ ನೆರವು ಅನಿವಾರ್ಯ. ಟಗ್‌ನ ಸಾಮರ್ಥ್ಯವನ್ನು ಅಳೆಯುವುದು ಅದರ ಉದ್ದದಿಂದಲ್ಲ. ಎಷ್ಟು ಟನ್ ಬಲದಿಂದ ಎಳೆಯಬಲ್ಲದು ಎಂಬುದರಿಂದ.

ಬಂದರಿನೊಳಗಿನ ಈ ಸೇವೆಯ ಶುಲ್ಕವನ್ನು ಹಡಗಿನವರೇ ಭರಿಸುತ್ತಾರೆ. ಅದು ಸಾಗಣೆ ವೆಚ್ಚದಲ್ಲಿಯೇ ಅಡಕವಾಗಿರುವುದರಿಂದ ವರ್ತಕರ ಗಮನಕ್ಕೆ ಬಾರದು. ಆದರೆ ಅಪಾಯಕ್ಕೆ ಸಿಲುಕಿದ ಹಡಗನ್ನು ಟಗ್‌ಗಳು ಪಾರುಮಾಡಿದಾಗ ಲೆಕ್ಕವೇ ಬೇರೆ.

2021ರ ಮಾರ್ಚ್ 23ರಂದು 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿತು. ಹೂಳೆತ್ತುವ ಯಂತ್ರಗಳು ಹಾಗೂ ಹತ್ತಕ್ಕೂ ಹೆಚ್ಚು ಟಗ್‌ಗಳು ದುಡಿದು, ಮಾರ್ಚ್ 29ರಂದು ಅದನ್ನು ಬಿಡಿಸಿದವು. ಪರಿಹಾರದ ವಿವಾದದಿಂದಾಗಿ ಹಡಗು ಜುಲೈ 7ರವರೆಗೆ ಈಜಿಪ್ಟಿನಲ್ಲಿಯೇ ಉಳಿಯಿತು. ಈ ನಡುವೆ ಹಡಗಿನ ಮಾಲೀಕರು 'ಜನರಲ್ ಆವರೇಜ್' ಘೋಷಿಸಿದರು.

ಹಡಗು ಮತ್ತು ಸರಕು ಎರಡನ್ನೂ ಉಳಿಸಲು ಮಾಡಿದ ಅಸಾಧಾರಣ ವೆಚ್ಚವನ್ನು, ಉಳಿದ ಸ್ವತ್ತಿನ ಮೌಲ್ಯಕ್ಕೆ ಅನುಗುಣವಾಗಿ ಎಲ್ಲರೂ ಹಂಚಿಕೊಳ್ಳಬೇಕೆಂಬುದೇ ಈ ನಿಯಮ. ಹಡಗು ಮತ್ತು ಸರಕಿನ ಒಟ್ಟು ಮೌಲ್ಯ ರೂ. 1,000 ಕೋಟಿ, ವೆಚ್ಚ ರೂ. 50 ಕೋಟಿ ಎಂದಿಟ್ಟುಕೊಳ್ಳೋಣ. ಆಗ ರೂ. 20 ಲಕ್ಷದ ಸರಕಿನ ಪಾಲು ಶೇ. 5ರಂತೆ ರೂ. 1 ಲಕ್ಷ. ಸರಕಿಗೆ ಕಿಂಚಿತ್ತೂ ಹಾನಿಯಾಗದಿದ್ದರೂ ಈ ಹೊಣೆ ತಪ್ಪದು. ವಿಮಾ ಸಂಸ್ಥೆಯ ಖಾತರಿ ಪತ್ರ ದೊರೆತರೆ ಸರಕು ಬಿಡುಗಡೆಯಾಗುತ್ತದೆ. ವಿಮೆ ಇಲ್ಲದವರು ಸಾಮಾನ್ಯವಾಗಿ ನಗದು ಠೇವಣಿ ಇಡಬೇಕಾಗುತ್ತದೆ. ಅಂತಿಮ ಲೆಕ್ಕ ಇತ್ಯರ್ಥವಾಗಲು ವರ್ಷಗಳೇ ಹಿಡಿಯಬಹುದು. ಸಣ್ಣ ಉದ್ದಿಮೆದಾರರ ದುಡಿಯುವ ಬಂಡವಾಳಕ್ಕೆ ಇದು ದೊಡ್ಡ ಪೆಟ್ಟು.

ಆದ್ದರಿಂದ ವರ್ತಕ ಬಂಧುಗಳು ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎಫ್.ಒ.ಬಿ. ಷರತ್ತಿನಲ್ಲಿ ಆಮದು ಮಾಡುವವರು ಹಡಗೇರಿದ ಸರಕಿಗೆ ತಾವೇ ವಿಮೆ ಮಾಡಿಸಬೇಕು. ಎರಡನೆಯದಾಗಿ, ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್‌ನ ಅತ್ಯಂತ ಸೀಮಿತವಾದ 'ಸಿ' ಶ್ರೇಣಿಯೂ ಜನರಲ್ ಆವರೇಜ್ ಪಾಲನ್ನು ಒಳಗೊಳ್ಳುತ್ತದೆ. ಪ್ರೀಮಿಯಂ ಹೊರೆಯೆಂದು ವಿಮೆಯನ್ನೇ ಕೈಬಿಡುವುದು ಸಲ್ಲದು. ಮೂರನೆಯದಾಗಿ, ಸರಕಿನ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಇಳಿಸಿದರೆ ಪಾಲಿನ ಹಣವೂ ಅದೇ ಪ್ರಮಾಣದಲ್ಲಿ ಕಡಿತಗೊಳ್ಳುತ್ತದೆ.

ಮುಂದಿನ ಸರಕು ಹಡಗೇರುವ ಮುನ್ನ ಒಮ್ಮೆ ವಿಮಾ ಪತ್ರವನ್ನು ತೆರೆದು ಓದುವುದು ಒಳಿತು.