ಎರಡೂವರೆ ಇಂಚಿನ ನಂಟು

ಬಟ್ಟೆಯ ತುಂಡು ಜೋಡಿಸಿ ಕ್ವಿಲ್ಟ್ ಎಂಬ ಹೊದಿಕೆ ಹೊಲಿಯುವ ಅಮೆರಿಕದ ಹೆಂಗಸರಲ್ಲಿ ಒಂದು ಚೆಂದದ ವಾಡಿಕೆಯಿದೆ. 20 ಜನ ಸೇರಿ ಗುಂಪು ಕಟ್ಟಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದೇ ಒಂದು ಬಟ್ಟೆ ಕೊಂಡು, ಅದನ್ನು ಎರಡೂವರೆ ಇಂಚು ಅಗಲದ 20 ಪಟ್ಟಿಗಳಾಗಿ ಕತ್ತರಿಸುತ್ತಾರೆ. ಎಲ್ಲರ ಪಟ್ಟಿಗಳೂ ಗುಂಪಿನ ಹೊಣೆ ಹೊತ್ತವಳ ಮನೆಗೆ ಹೋಗುತ್ತವೆ. ಆಕೆ ಅವನ್ನು ವಿಂಗಡಿಸಿ, ಪ್ರತಿ ಬಟ್ಟೆಯ ಒಂದೊಂದು ಪಟ್ಟಿ ಸೇರಿಸಿ ಕಟ್ಟು ಮಾಡಿ, ಎಲ್ಲರಿಗೂ ಮರಳಿಸುತ್ತಾಳೆ. ಕೊಟ್ಟದ್ದು ಒಂದೇ ಬಗೆ, ಕೈಗೆ ಬಂದದ್ದು 20 ಬಗೆ. ಇದಕ್ಕೆ ಸ್ಟ್ರಿಪ್ ಸ್ವಾಪ್ ಎನ್ನುತ್ತಾರೆ. ನಮ್ಮ ಮಲೆನಾಡಿನ ಮುಯ್ಯಾಳಿನಂತೆಯೇ ಇದು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ನಡುವೆ ದುಡ್ಡಿನ ಮಾತಿಲ್ಲ.

ಅಮೆರಿಕದಲ್ಲಿ ಬಟ್ಟೆಯ ವಿನಿಮಯ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚಾರ್ಮ್ ಕ್ವಿಲ್ಟ್ ಎಂಬುದರ ಹುಚ್ಚು ಹಬ್ಬಿತ್ತು. ನೂರಾರು ತುಂಡುಗಳಿರುವ ಆ ಹೊದಿಕೆಯಲ್ಲಿ ಒಂದು ಬಟ್ಟೆ ಎರಡು ಸಲ ಬರಬಾರದು. ಒಂದು ಮನೆಯ ಚಿಂದಿಯಿಂದ ಅದು ಆಗುವ ಮಾತಲ್ಲ, ಹಾಗಾಗಿ ಹುಡುಗಿಯರು ಗೆಳತಿಯರಿಂದ, ನೆಂಟರಿಂದ ತುಂಡು ಬೇಡಿ ತಂದು, ಬದಲಿಗೆ ತಮ್ಮದನ್ನು ಕೊಡುತ್ತಿದ್ದರು. ಅದಕ್ಕೂ ಮೊದಲು, 1840ರ ದಶಕದಲ್ಲಿ, ಪಶ್ಚಿಮಕ್ಕೆ ವಲಸೆ ಹೊರಟವರಿಗೆ ಊರಿನವರು ತಲಾ ಒಂದು ಚೌಕ ಹೊಲಿದು, ಅದರ ಮೇಲೆ ಶಾಯಿಯಲ್ಲಿ ಹೆಸರು ಬರೆದು ಕೊಡುತ್ತಿದ್ದರು. ಮತ್ತೆ ನೋಡಲಾರೆವು ಎಂದು ಗೊತ್ತಿದ್ದವರ ಹೆಸರುಗಳನ್ನು ಹೊದ್ದು ಮಲಗುವುದೆಂದರೆ ಎಂಥದಿದ್ದೀತು! 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಹಿಟ್ಟು ಮತ್ತು ಕೋಳಿ ಆಹಾರದ ಚೀಲಗಳು ಹೂವಿನ ಅಚ್ಚಿನ ಹತ್ತಿ ಬಟ್ಟೆಯಲ್ಲಿ ಬರತೊಡಗಿದವು. ಒಂದು ಉಡುಪಿಗೆ ಒಂದೇ ಅಚ್ಚಿನ ಎರಡು ಮೂರು ಚೀಲ ಬೇಕು, ಮನೆಯಲ್ಲಿರುವುದು ಒಂದು. ನೆರೆಹೊರೆಯವರು ಚೀಲ ಬದಲಾಯಿಸಿಕೊಂಡರು, ಉಳಿದ ತುಂಡು ಕ್ವಿಲ್ಟಿಗೆ ಹೋಯಿತು.

ಇಂದಿನ ಪಟ್ಟಿ ವಿನಿಮಯಕ್ಕೆ ದಾರಿ ಮಾಡಿದ್ದು ಒಂದು ಜಪಾನಿ ಸಲಕರಣೆ. 1979ರಲ್ಲಿ ಓಲ್ಫಾ ಕಂಪನಿ ಚಕ್ರದಂತೆ ಉರುಳುವ ಬ್ಲೇಡಿನ ರೋಟರಿ ಕಟ್ಟರ್ ತಂದಿತು. ಅಲ್ಲಿಯವರೆಗೆ ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿ, ಕತ್ತರಿಯಿಂದ ಒಂದೊಂದೇ ತುಂಡು ಕತ್ತರಿಸಬೇಕಿತ್ತು. 1978ರಲ್ಲಿ ಎಲೀನರ್ ಬರ್ನ್ಸ್ ಒಂದೇ ದಿನದಲ್ಲಿ ಕ್ವಿಲ್ಟ್ ಹೊಲಿಯುವ ಪುಸ್ತಕ ಬರೆದಾಗಲೂ ಬಟ್ಟೆಯನ್ನು ಕೈಯಲ್ಲೇ ಪಟ್ಟಿಯಾಗಿ ಹರಿಯುವ ಕ್ರಮವಿತ್ತು. ಕಟ್ಟರ್, ಪಾರದರ್ಶಕ ಅಳತೆಪಟ್ಟಿ, ಬ್ಲೇಡು ತಾಗಿದರೂ ಹಾಳಾಗದ ಮಣೆ, ಈ ಮೂರೂ ಕೈಗೆ ಬಂದ ಮೇಲೆ ನಾಲ್ಕು ಮಡಿಕೆ ಬಟ್ಟೆಯನ್ನು ಒಂದೇ ಎಳೆತಕ್ಕೆ ನೇರವಾಗಿ ಕತ್ತರಿಸಬಹುದಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಮೋಡಾ ಕಂಪನಿ ಎರಡೂವರೆ ಇಂಚಿನ ಸುಮಾರು 40 ಪಟ್ಟಿಗಳನ್ನು ಸುರುಳಿ ಸುತ್ತಿ ಜೆಲ್ಲಿ ರೋಲ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಆ ಅಗಲ ಎಲ್ಲರಿಗೂ ರೂಢಿಯಾಯಿತು. ಸುರುಳಿ ನೋಡಲು ಮುದ್ದಾಗಿರುತ್ತದೆ, ನಿಜ. ಆದರೆ ಅದರಲ್ಲಿರುವುದೆಲ್ಲ ಒಬ್ಬ ವಿನ್ಯಾಸಕಾರರ ಬಣ್ಣಗಳು. ಒಂದಕ್ಕೊಂದು ಮೊದಲೇ ಹೊಂದಿಸಿಟ್ಟವು. ವಿನಿಮಯದ ಕಟ್ಟಿನಲ್ಲಿ 20 ಜನರ ಕಣ್ಣು ಇರುತ್ತದೆ. ನನ್ನ ಒಲವು ಯಾವ ಕಡೆಗೆಂದು ಬೇರೆ ಹೇಳಬೇಕಿಲ್ಲ.

ಈ ಆಟದ ನಿಯಮಗಳು ಬಿಗಿ. ಬಟ್ಟೆ ಅಪ್ಪಟ ಹತ್ತಿಯದಾಗಿರಬೇಕು. ಪಟ್ಟಿ ಬಟ್ಟೆಯ ಪೂರ್ತಿ ಪನ್ನಾ, ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 42ರಿಂದ 44 ಇಂಚು ಉದ್ದ ಇರಬೇಕು. ಬಣ್ಣ ಅಥವಾ ಬಗೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ: ಈ ಸಲ ಬಾಟಿಕ್, ಮುಂದಿನ ಸಲ ಮೂವತ್ತರ ದಶಕದ ಅಚ್ಚುಗಳ ಮರುಮುದ್ರಣ, ಕ್ರಿಸ್‌ಮಸ್ ಹತ್ತಿರವಾದರೆ ಕೆಂಪು ಹಸಿರು. ಸಿಗರೇಟು ಸೇದುವ ಮನೆಯಾದರೆ ಮೊದಲೇ ತಿಳಿಸಬೇಕು, ಬಟ್ಟೆ ವಾಸನೆ ಹಿಡಿಯುತ್ತದೆ. ಕತ್ತರಿಸುವ ಮೊದಲು ಬಟ್ಟೆ ತೊಳೆಯಬೇಕೋ ಬೇಡವೋ ಎಂಬ ಚರ್ಚೆಗೆ ಕೊನೆಯಿಲ್ಲ. ಗಂಜಿ ಹೋಗದ ಬಟ್ಟೆ ಬ್ಲೇಡಿಗೆ ಚೆನ್ನಾಗಿ ಸಿಗುತ್ತದೆ, ಅಂಚು ಎಳೆ ಬಿಡುವುದಿಲ್ಲ ಎಂದು ಹಲವು ಗುಂಪುಗಳು ತೊಳೆಯದ ಬಟ್ಟೆಯನ್ನೇ ಕೇಳುತ್ತವೆ. ಯಾವುದಾದರೂ ಸರಿ, ಎಲ್ಲರೂ ಒಂದೇ ರೀತಿ ಮಾಡಬೇಕು. ತೊಳೆದದ್ದೂ ತೊಳೆಯದ್ದೂ ಒಂದೇ ಹೊದಿಕೆಯಲ್ಲಿ ಸೇರಿದರೆ ಮೊದಲ ಒಗೆತಕ್ಕೇ ಅಲ್ಲಲ್ಲಿ ಸುಕ್ಕುಗಟ್ಟುತ್ತದೆ.

ಎಲ್ಲಕ್ಕಿಂತ ದೊಡ್ಡದು ಅಳತೆ. ಎರಡು ಬದಿಗೂ ಕಾಲಿಂಚು ಹೊಲಿಗೆಗೆ ಹೋಗಿ ಎರಡೂವರೆ ಇಂಚಿನ ಪಟ್ಟಿ ಕೊನೆಗೆ ಎರಡು ಇಂಚಾಗಿ ಕಾಣುತ್ತದೆ. ಕತ್ತರಿಸುವಾಗ ಪಟ್ಟಿಗೆ ಇಂಚಿನ ಹದಿನಾರನೇ ಒಂದು ಭಾಗ ಕಡಿಮೆಯಾದರೆ ಕಣ್ಣಿಗೆ ತಿಳಿಯುವುದೇ ಇಲ್ಲ. ಅಂಥ 20 ಪಟ್ಟಿ ಜೋಡಿಸಿ ನೋಡಿ, ಒಂದೂಕಾಲು ಇಂಚು ಮಾಯವಾಗಿರುತ್ತದೆ. ಇನ್ನೊಂದು ತೊಂದರೆ ಮಡಿಕೆಯದು. ಅಳತೆಪಟ್ಟಿ ಬಟ್ಟೆಯ ಮಡಿಕೆಗೆ ಸರಿಯಾಗಿ ಅಡ್ಡ ಕೂರದಿದ್ದರೆ, ಬಿಡಿಸಿದಾಗ ಪಟ್ಟಿ ಮಡಿಕೆ ಇದ್ದ ಕಡೆಯಲ್ಲೆಲ್ಲ ಸೊಟ್ಟಗಾಗಿರುತ್ತದೆ. ತನಗಾಗಿ ಕತ್ತರಿಸಿದ್ದು ಸೊಟ್ಟಗಾದರೆ ಹೇಗೋ ಎಳೆದು ಸರಿದೂಗಿಸಿಕೊಳ್ಳಬಹುದು. ಇಲ್ಲಿ ನಾವು ಕತ್ತರಿಸುವ ಪಟ್ಟಿ, ಒಂದನ್ನು ಬಿಟ್ಟರೆ, ಪೂರ್ತಿ ಬೇರೆಯವರಿಗೆ. ಮುಖ ನೋಡಿರದ ಹೆಂಗಸೊಬ್ಬಳಿಗಾಗಿ ಸರಿಯಾಗಿ ಎರಡೂವರೆ ಇಂಚು ಕತ್ತರಿಸಿ ಕೊಡುವುದು ನನ್ನ ಕಣ್ಣಿಗೆ ದೊಡ್ಡ ಸೌಜನ್ಯ.

ಕಟ್ಟು ಬಿಚ್ಚಿದಾಗ ಒಂದೆರಡಾದರೂ ನಮಗೆ ಸೇರದ ಪಟ್ಟಿ ಇದ್ದೇ ಇರುತ್ತದೆ. ಸಾಸಿವೆ ಹಳದಿಯೋ, ಮಾಸಲು ಕಂದೋ. ಅದನ್ನು ಎತ್ತಿಡಬೇಡಿ ಎಂದು ಪಳಗಿದವರು ಹೇಳುತ್ತಾರೆ, ಅದು ಸರಿ. ಎಲ್ಲ ಬಟ್ಟೆಯೂ ಒಬ್ಬರ ಮೆಚ್ಚಿಗೆಯದೇ ಆದಾಗ ಹೊದಿಕೆ ಮಂಕಾಗುತ್ತದೆ. ಬೇಡವೆನಿಸಿದ ಬಣ್ಣದ ಪಕ್ಕದಲ್ಲಿ ಬೇಕೆನಿಸಿದ ಬಣ್ಣ ಎದ್ದು ಕಾಣುತ್ತದೆ. ಲಾಗ್ ಕ್ಯಾಬಿನ್ ಎಂಬ ಹಳೆಯ ವಿನ್ಯಾಸ ನಿಂತಿರುವುದೇ ಇದರ ಮೇಲೆ. ನಡುವೆ ಒಲೆಯ ಬೆಂಕಿಯ ಗುರುತಾಗಿ ಒಂದು ಕೆಂಪು ಚೌಕ, ಸುತ್ತಲೂ ಪಟ್ಟಿಗಳು, ಅರ್ಧ ತಿಳಿ, ಅರ್ಧ ಗಾಢ. ಗಾಢ ಬದಿಗೆ ಎಂಥ ಮಂಕು ಬಟ್ಟೆಯೂ ಸಲ್ಲುತ್ತದೆ.

ನಮ್ಮ ಕಡೆಯ ಕೌದಿಗೂ ಇದಕ್ಕೂ ಒಂದು ಮುಖ್ಯ ಅಂತರವಿದೆ. ಕೌದಿ ಉಟ್ಟು ಸವೆದ ಸೀರೆ, ಧೋತರಗಳದ್ದು. ವಿನಿಮಯದ ಪಟ್ಟಿ ಅಂಗಡಿಯ ಹೊಸ ಬಟ್ಟೆಯದು. ಸವೆದ ಬಟ್ಟೆಯ ಮೆತ್ತನೆ ಹೊಸದಕ್ಕೆ ಬರುವುದಿಲ್ಲ ಎಂದು ನಾನು ನಂಬಿದ್ದೇನೆ. ಅಮೆರಿಕದವರೂ ಇದನ್ನು ಬಲ್ಲರು: ಅಲಬಾಮಾದ ಜೀಸ್ ಬೆಂಡ್ ಊರಿನ ಕಪ್ಪು ಹೆಂಗಸರು ದುಡಿಮೆಯ ಹಳೆ ಬಟ್ಟೆಗಳ ಪಟ್ಟಿಯಿಂದ ಹೊಲಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಫ್ರಿಕನ್ ಡಯಾಸ್ಪೊರಾ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡವು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಅವರ ಹೊಲಿಗೆಯನ್ನು ಅಲ್ಲಿನವರು ಕಣ್ಣಾರೆ ಕಂಡರು.

ನಮ್ಮ ಊರುಗಳಲ್ಲೂ ಎಂಟು ಗೆಳತಿಯರು ಸೇರಿದರೆ ಇದನ್ನು ಶುರುಮಾಡಬಹುದು. ಒಬ್ಬೊಬ್ಬರೂ ಒಂದೊಂದು ಅಚ್ಚಿನ 44 ಇಂಚು ಪನ್ನಾದ ಹತ್ತಿ ಬಟ್ಟೆಯನ್ನು ಮೂರು ಮೀಟರ್ ಕೊಳ್ಳಿ. ಇಲ್ಲಿನ ಕೈಅಚ್ಚಿನ ಬಟ್ಟೆ ಬಣ್ಣ ಬಿಡುತ್ತದೆ, ಕುಗ್ಗುತ್ತದೆ. ಆದ್ದರಿಂದ ಎಲ್ಲರೂ ತೊಳೆದು, ಇಸ್ತ್ರಿ ಮಾಡಿಯೇ ಕತ್ತರಿಸಿ. ತಲಾ 40 ಪಟ್ಟಿ ಮಾಡಿ, ಎಂಟೂ ಜನರಿಗೆ ಐದೈದು ಹಂಚಿಕೊಂಡರೆ ಪ್ರತಿಯೊಬ್ಬರ ಕೈಯಲ್ಲೂ ಎಂಟು ಬಗೆಯ 40 ಪಟ್ಟಿಗಳಿರುತ್ತವೆ. ಅವನ್ನು ತುದಿಗೆ ತುದಿ ಸೇರಿಸಿದರೆ ಸುಮಾರು 1600 ಇಂಚಿನ ಒಂದೇ ಉದ್ದ ಪಟ್ಟಿ. ಅದರ ಎರಡು ತುದಿ ಹಿಡಿದು, ಮಧ್ಯಕ್ಕೆ ಮಡಿಸಿ, ಉದ್ದಕ್ಕೂ ಹೊಲಿಗೆ ಹಾಕಿ, ಮಡಿಕೆ ಕತ್ತರಿಸಿ. ಹೀಗೆ ಐದು ಸಲ ಮಡಿಸಿ ಹೊಲಿದರೆ 32 ಸಾಲಿನ, 50 ಇಂಚಿಗೆ 64 ಇಂಚಿನ ಮೇಲ್ಪದರ ಸಿದ್ಧ. ನಡುವೆ ಹತ್ತಿಯ ಹಾಸು, ಕೆಳಗೆ ಹಳೆಯ ಸೀರೆಯ ಅಸ್ತರ ಇಟ್ಟು ಹೊಲಿದರೆ ಮಗುವಿಗೆ ಹೊದಿಸಲು ಧಾರಾಳ ಸಾಕು.